‘ಸ್ಯಾಂಕ್ಷನ್’ ಅಂದರೆ ಮಂಜೂರಾತಿಯೋ, ನಿರ್ಬಂಧವೋ?

ಅರ್ಧವಿರಾಮ:
ಅನುವಾದ ಮಾಡುವವರು, ಪತ್ರಿಕೆಯಲ್ಲಿರುವವರು, ಕಚೇರಿ ಕನ್ನಡ ಬಲ್ಲವರು ಇಲ್ಲಿ ಇದ್ದೀರಿ ಅನ್ನೋ ಧೈರ್ಯದ ಮೇಲೆ ಕೇಳ್ತಿದ್ದೇನೆ. ಅಂತರರಾಷ್ಟ್ರೀಯ ಬ್ಯಾಂಕಿಂಗ್ ಬಗ್ಗೆ ಉದ್ದನೆಯ ವರದಿಯೊಂದು ಕನ್ನಡಕ್ಕೆ ಬರಬೇಕು. ಅದರ ತುಂಬ ‘ಸ್ಯಾಂಕ್ಷನ್’ ಪದ. ಅನುವಾದ ತಂತ್ರಾಂಶ ಕೊಟ್ಟ ಕರಡಿನಲ್ಲಿ ‘ಅಮೆರಿಕವು ಈ ಬ್ಯಾಂಕುಗಳನ್ನು ಮಂಜೂರು ಮಾಡಿದೆ’ ಅಂತಿದೆ. ಮುಂದಿನ ಪುಟದಲ್ಲಿ ಅವೇ ಬ್ಯಾಂಕುಗಳು ಡಾಲರ್ ವ್ಯವಹಾರ ಮಾಡಲಾಗದೆ ಒದ್ದಾಡ್ತಿವೆ! ಮಂಜೂರು ಮಾಡಿದ ಮೇಲೆ ಒದ್ದಾಟ ಯಾಕೆ?

ನಿಘಂಟು ತೆಗೆದರೆ ಅನುಮತಿ, ಸಮ್ಮತಿ, ದಂಡನೆ, ನಿರ್ಬಂಧ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿವೆ. ಒಪ್ಪಿಗೆಗೂ ಶಿಕ್ಷೆಗೂ ಒಂದೇ ಪದ ಹೇಗಾಯಿತು, ಎಲ್ಲಿ ಯಾವ ಅರ್ಥ ಅಂತ ಗುರುತು ಹಿಡಿಯೋದು ಹೇಗೆ? ಇನ್ನೊಂದು ಗೊಂದಲ: ಕೆಲವರು ‘ಆರ್ಥಿಕ ನಿರ್ಬಂಧ’ ಅಂತಾರೆ, ಕೆಲವರು ‘ಆರ್ಥಿಕ ದಿಗ್ಬಂಧನ’ ಅಂತಾರೆ. ಯಾವುದು ಸರಿ?

ಒಂಟಿಸಲಗ:
‘ಸ್ಯಾಂಕ್ಷನ್’ ಅಂತಲೇ ಬರೀರಿ. ‘ಲೋನ್ ಸ್ಯಾಂಕ್ಷನ್ ಆಯ್ತಾ’ ಅಂತ ಎಲ್ಲರೂ ಕೇಳ್ತಾರೆ. ಯಾರಿಗೆ ಅರ್ಥವಾಗಲ್ಲ?

ರಾತ್ರಿಪಾಳಿ:
ಅಲ್ಲೇ ಇರೋದು ತೊಂದರೆ, ಸಲಗ ಅವರೇ. ‘ಲೋನ್ ಸ್ಯಾಂಕ್ಷನ್’ ಅಂತ ಕೇಳಿ ಬೆಳೆದ ಓದುಗ ‘ಇರಾನ್ ಮೇಲೆ ಸ್ಯಾಂಕ್ಷನ್’ ಅಂತ ಓದಿದರೆ ಇರಾನಿಗೆ ಸಾಲ ಸಿಕ್ಕಿತು ಅಂದುಕೊಳ್ತಾನೆ. ಕನ್ನಡಕ್ಕೆ ಎರವಲು ಬಂದಿರೋದು ಈ ಪದದ ಒಂದು ಮುಖ ಮಾತ್ರ. ಇನ್ನೊಂದು ಇಂಗ್ಲಿಷಿನಲ್ಲೇ ಉಳಿದಿದೆ.

ನಾನು ಸುದ್ದಿಮನೆಯಲ್ಲಿ ರಾತ್ರಿ ಪಾಳಿ ಮಾಡೋನು. ಏಜೆನ್ಸಿ ಸುದ್ದಿ ಬಂದ ತಕ್ಷಣ ನಾನು ನೋಡೋದು ಬಹುವಚನ. ‘ಸ್ಯಾಂಕ್ಷನ್ಸ್’ ಅಂತ ಕೊನೆಗೆ ‘ಸ್’ ಇದ್ದರೆ ಬಹುಪಾಲು ಶಿಕ್ಷೆಯ ಕಡೆಯದು. ಒಪ್ಪಿಗೆಯ ಅರ್ಥದಲ್ಲಿ ಅದು ಸಾಮಾನ್ಯವಾಗಿ ಏಕವಚನ, ನಮ್ಮ ‘ಸಮ್ಮತಿ’ಯ ಹಾಗೆ. ನಾವು ಸಮ್ಮತಿಗಳು ಅನ್ನಲ್ಲವಲ್ಲ. ಎರಡನೆಯದು ಮುಂದೆ ಬರೋ ಪುಟ್ಟ ಪದ. ‘ಆನ್’ ಅಥವಾ ‘ಅಗೇನ್‌ಸ್ಟ್’ ಬಂದರೆ ನಿರ್ಬಂಧ, ‘ಫಾರ್’ ಬಂದರೆ ಮಂಜೂರಾತಿ. ಮೂರನೆಯದು ಕ್ರಿಯಾಪದ. ಹೇರುವುದು, ಬಿಗಿಗೊಳಿಸುವುದು, ಸಡಿಲಿಸುವುದು, ತೆರವು ಮಾಡುವುದು ಇದ್ದರೆ ನಿರ್ಬಂಧ. ಕೋರುವುದು, ನೀಡುವುದು, ನಿರಾಕರಿಸುವುದು ಇದ್ದರೆ ಮಂಜೂರಾತಿ. ಕನ್ನಡದಲ್ಲಿ ಬರೆದ ಮೇಲೂ ಇದೇ ಪರೀಕ್ಷೆ ಮಾಡಬಹುದು. ‘ಮಂಜೂರಾತಿ ಹೇರಿದರು’ ಅಂತ ಬರೆದು ನೋಡಿ, ಕಿವಿಗೇ ಚುಚ್ಚುತ್ತೆ.

ನಿಜವಾಗಿ ಕೈಕೊಡೋದು ‘ಸ್ಯಾಂಕ್ಷನ್ಡ್’ ಅನ್ನೋ ರೂಪ. ಅಲ್ಲಿ ಬಹುವಚನವೂ ಇಲ್ಲ, ಪುಟ್ಟ ಪದವೂ ಇಲ್ಲ. ನಿಮ್ಮ ತಂತ್ರಾಂಶ ಬಿದ್ದಿರೋದು ಆ ಗುಂಡಿಗೇ. ಮಂಜೂರು ಆಗೋದು ಹಣ, ಹುದ್ದೆ, ರಜೆ, ಯೋಜನೆ; ಬ್ಯಾಂಕು, ಹಡಗು, ಉದ್ಯಮಿ ಇವರಾರೂ ಮಂಜೂರಾಗಲ್ಲ. ಕರ್ಮ ಯಾರು ಅಂತ ಕೇಳಿಕೊಂಡರೆ ಬಹಳಷ್ಟು ಸಲ ಉತ್ತರ ಸಿಗುತ್ತೆ.

ಹಳೇಕಡತ:
ಮಂಜೂರಾತಿಯ ಕಡೆಯ ಮಾತು ನನಗೆ ಬಿಡಿ. ಸೇವಾವಧಿಯೆಲ್ಲ ಆ ಪದದ ಜೊತೆಗೇ ಕಳೆದಿದೆ.

ಕಚೇರಿಯಲ್ಲಿ ರಜೆ ಮಂಜೂರಾಗುತ್ತದೆ, ಅನುದಾನ ಮಂಜೂರಾಗುತ್ತದೆ, ನಿವೃತ್ತಿ ವೇತನ ಮಂಜೂರಾಗುತ್ತದೆ. ಹುದ್ದೆಗಳ ಪಟ್ಟಿಯಲ್ಲಿ ‘ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ’ ಎಂದು ಮೂರು ಕಾಲಂ. ಇಲ್ಲಿ ದಂಡನೆಯ ಅರ್ಥಕ್ಕೆ ಜಾಗವೇ ಇಲ್ಲ. ಆದರೆ ಹೊಸದಾಗಿ ಅನುವಾದಕ್ಕೆ ಬಂದವರು ಇನ್ನೊಂದು ಕಡೆ ಎಡವುತ್ತಾರೆ: ‘ಅಪ್ರೂವಲ್’ಗೂ ‘ಸ್ಯಾಂಕ್ಷನ್’ಗೂ ಅನುಮೋದನೆ ಎಂದೇ ಬರೆದುಬಿಡುತ್ತಾರೆ. ಕಾಮಗಾರಿ ಕಡತಗಳಲ್ಲಿ ಇವು ಬೇರೆ ಬೇರೆ. ಮೊದಲು ಆಡಳಿತಾತ್ಮಕ ಅನುಮೋದನೆ: ಈ ಕೆಲಸ ಬೇಕು, ಇಷ್ಟು ಅಂದಾಜಿನಲ್ಲಿ ಮಾಡಬಹುದು ಎಂದು ಇಲಾಖೆ ಒಪ್ಪುವುದು. ಆಮೇಲೆ ತಾಂತ್ರಿಕ ಮಂಜೂರಾತಿ: ವಿನ್ಯಾಸ ಸರಿಯಿದೆ, ವಿವರವಾದ ಅಂದಾಜು ಪಟ್ಟಿ ಲೆಕ್ಕಕ್ಕೆ ನಿಲ್ಲುತ್ತದೆ ಎಂದು ಅಧಿಕಾರವುಳ್ಳ ಎಂಜಿನಿಯರ್ ಸಹಿ ಹಾಕುವುದು. ಎರಡಕ್ಕೂ ಅನುಮೋದನೆ ಎಂದು ಬರೆದರೆ ಕಡತ ಯಾವ ಮೇಜಿನ ಮೇಲಿದೆ ಎಂಬುದೇ ತಿಳಿಯುವುದಿಲ್ಲ.

ಸುದ್ದಿ ಬರೆಯುವವರಿಗೂ ಒಂದು ಮಾತು. ಮಂಜೂರು ಆಯಿತೆಂದರೆ ಹಣ ಬಂತೆಂದಲ್ಲ. ಮಂಜೂರಾತಿ ಒಂದು ಆದೇಶ, ಬಿಡುಗಡೆ ಇನ್ನೊಂದು ಆದೇಶ, ಖರ್ಚು ಮೂರನೆಯ ಮಾತು. ‘ಮಂಜೂರಾದರೂ ಬಿಡುಗಡೆಯಾಗದ ಅನುದಾನ’ ಎಂಬ ಶೀರ್ಷಿಕೆ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ; ಇಂಗ್ಲಿಷಿನಿಂದ ತರುವಾಗ ಮಾತ್ರ ಎರಡೂ ಒಂದಾಗಿಬಿಡುತ್ತವೆ.

ಕಪ್ಪುಕೋಟು:
ರಾತ್ರಿಪಾಳಿ ಅವರ ‘ಅಗೇನ್‌ಸ್ಟ್ ಬಂದರೆ ನಿರ್ಬಂಧ’ ಸೂತ್ರ ನ್ಯಾಯಾಲಯದ ಬಾಗಿಲಲ್ಲಿ ನಿಲ್ಲೋದಿಲ್ಲ.

ಸರ್ಕಾರಿ ನೌಕರನೊಬ್ಬ ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಮೊಕದ್ದಮೆ ಹೂಡಬೇಕಾದರೆ ಸರ್ಕಾರದ ‘ಸ್ಯಾಂಕ್ಷನ್’ ಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 197ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 218ನೇ ಕಲಂ. ಇಂಗ್ಲಿಷ್ ಪತ್ರಿಕೆ ಇದನ್ನು ‘ಸ್ಯಾಂಕ್ಷನ್ ಅಗೇನ್‌ಸ್ಟ್ ಆಫೀಸರ್’ ಅಂತ ಬರೆಯುತ್ತೆ. ಪದ ‘ವಿರುದ್ಧ’ ಇದೆ, ಆ ಅಧಿಕಾರಿಗೆ ಕಷ್ಟಕಾಲವೂ ಹೌದು, ಆದರೂ ಅರ್ಥ ಅನುಮತಿ. ಇಲ್ಲಿ ಸಿಕ್ಕಿದ್ದು ಮೊಕದ್ದಮೆ ನಡೆಸುವವರಿಗೆ ಒಪ್ಪಿಗೆ, ಅಧಿಕಾರಿಗೆ ಶಿಕ್ಷೆಯಲ್ಲ. ‘ಅಧಿಕಾರಿಗೆ ನಿರ್ಬಂಧ’ ಅಂತ ಬರೆದರೆ ಸುದ್ದಿಯೇ ಬೇರೆಯಾಗುತ್ತೆ. ಸರಿಯಾದ್ದು ‘ಅಭಿಯೋಜನೆಗೆ ಮಂಜೂರಾತಿ’, ಪತ್ರಿಕೆ ಭಾಷೆಯಲ್ಲಿ ‘ಪ್ರಾಸಿಕ್ಯೂಷನ್‌ಗೆ ಅನುಮತಿ’.

ಹಳೇಕಡತ ಅವರು ಹೇಳಿದ ಅನುಮೋದನೆ–ಮಂಜೂರಾತಿ ಭೇದ ಕಾನೂನಿನಲ್ಲೂ ಇದೆ. 1988ರ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಕಲಂನಲ್ಲಿ, ಅಧಿಕಾರಿಯ ತೀರ್ಮಾನಗಳ ಬಗ್ಗೆ ತನಿಖೆ ಶುರುಮಾಡೋಕೆ ಬೇಕಾದದ್ದು ಪೂರ್ವ ‘ಅಪ್ರೂವಲ್’. ಅದೇ ಕಾಯ್ದೆಯ 19ನೇ ಕಲಂನಲ್ಲಿ, ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳೋಕೆ ಬೇಕಾದದ್ದು ಪೂರ್ವ ‘ಸ್ಯಾಂಕ್ಷನ್’. ಹಂತ ಬೇರೆ, ಪದ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಅನುಮತಿ’ ಅಂದಾಗ ಓದುಗನಿಗೆ ತನಿಖೆ ಶುರುವಾಗ್ತಿದೆಯೋ, ವಿಚಾರಣೆ ಶುರುವಾಗ್ತಿದೆಯೋ ತಿಳಿಯಲ್ಲ. ಸೋಜಿಗ ಅಂದರೆ, 218ನೇ ಕಲಂ ಪ್ರಕಾರ ಕೋರಿಕೆ ತಲುಪಿದ 120 ದಿನಗಳಲ್ಲಿ ಸರ್ಕಾರ ತೀರ್ಮಾನ ಮಾಡದಿದ್ದರೆ ಮಂಜೂರಾತಿ ಸಿಕ್ಕಿದೆ ಅಂತಲೇ ಭಾವಿಸಬೇಕು. ಅಂದರೆ ಯಾರೂ ಕೊಡದೆಯೂ ಸಿಗುವ ಮಂಜೂರಾತಿ. ಇದನ್ನ ಒಂದು ಸಾಲಿನ ಶೀರ್ಷಿಕೆಗೆ ಇಳಿಸಿ ನೋಡೋಣ, ಪಾಳಿಯವರೇ.

ರಾತ್ರಿಪಾಳಿ:
ಪಾಳಿ ಮುಗಿದ ಮೇಲೆ ಪ್ರಯತ್ನಿಸ್ತೀನಿ. ನಿಮ್ಮ ಉದಾಹರಣೆ ಒಪ್ಪಿದೆ. ಆದರೂ ನೋಡಿ, ಅಲ್ಲೂ ಏಕವಚನ ಕಾಪಾಡುತ್ತೆ. ಕ್ರಿಯಾಪದವೂ ‘ನೀಡಿದರು’. ಮೂರು ಸುಳಿವಿನಲ್ಲಿ ಎರಡು ನಿಂತರೆ ನನಗೆ ಸಾಕು.

ಬೇಲಿಹೂ:
ನಾನು ಸಮಾಜಶಾಸ್ತ್ರದ ವಿದ್ಯಾರ್ಥಿನಿ. ನಮ್ಮ ಪಾಠದಲ್ಲಿ ‘ಪಾಸಿಟಿವ್ ಸ್ಯಾಂಕ್ಷನ್’, ‘ನೆಗೆಟಿವ್ ಸ್ಯಾಂಕ್ಷನ್’ ಅಂತ ಬರುತ್ತೆ. ಹೊಗಳಿಕೆ, ಬಹುಮಾನ ಕೂಡ ಸ್ಯಾಂಕ್ಷನ್ ಅಂತೆ. ಹಾಗಿದ್ದರೆ ಇದು ಮೂರನೇ ಅರ್ಥವಾ? ‘ಸಕಾರಾತ್ಮಕ ನಿರ್ಬಂಧ’ ಅಂತ ಟಿಪ್ಪಣಿಯಲ್ಲಿ ಬರ್ಕೊಂಡು ಕೂತಿದ್ದೀವಿ, ಹಾಗಂದ್ರೆ ಏನು ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ.

ಶಾಸನಹುಳು:
ಬೇಲಿಹೂ ಅವರ ಪ್ರಶ್ನೆಯಿಂದಲೇ ಹೊರಡೋಣ, ಏಕೆಂದರೆ ಎರಡು ಮುಖ ಅಂಟಿಕೊಂಡಿರುವ ಜಾಗ ಅದರ ಹತ್ತಿರವೇ ಇದೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಮೂಲ ಲ್ಯಾಟಿನ್ನಿನ ‘ಸಾಂಕೀರೆ’. ಪವಿತ್ರವೆಂದು ಘೋಷಿಸು, ಮುರಿಯಬಾರದ್ದು ಎಂದು ಕಟ್ಟುಮಾಡು ಎಂದು ಅರ್ಥ. ಸಂತರಿಗೆ ಹೇಳುವ ‘ಸೇಂಟ್’, ಅಭಯಧಾಮಕ್ಕೆ ಹೇಳುವ ‘ಸ್ಯಾಂಕ್ಚುಯರಿ’ ಇದೇ ಮನೆಯವು. ಒಂದು ಕಟ್ಟಳೆಯನ್ನು ಮುರಿಯಬಾರದ್ದು ಎಂದು ಸಾರಬೇಕಾದರೆ ಎರಡು ಕೆಲಸ ಆಗಬೇಕು. ಅಧಿಕಾರವುಳ್ಳವನು ಅದಕ್ಕೆ ಮುದ್ರೆ ಒತ್ತಬೇಕು, ಮುರಿದವನಿಗೆ ಏನಾಗುತ್ತದೆ ಎಂದೂ ಹೇಳಬೇಕು. ಮುದ್ರೆಯ ಕಡೆಯಿಂದ ‘ಒಪ್ಪಿಗೆ’ ಬೆಳೆಯಿತು, ಬೆದರಿಕೆಯ ಕಡೆಯಿಂದ ‘ದಂಡನೆ’ ಬೆಳೆಯಿತು. ರೋಮನ್ ಕಾನೂನಿನಲ್ಲಿ ಕಾಯ್ದೆಯ ದಂಡನೆ ಹೇಳುವ ಭಾಗಕ್ಕೇ ‘ಸಾಂಕ್ಷಿಯೊ’ ಎಂದು ಹೆಸರು. ಮಧ್ಯಯುಗದ ಯೂರೋಪಿನ ದಾನಪತ್ರಗಳ ಕೊನೆಯಲ್ಲಿ ಬರುವ ಶಾಪದ, ದಂಡದ ಸಾಲುಗಳಿಗೂ ದಾಖಲೆ ಓದುವ ಪಂಡಿತರು ಅದೇ ಹೆಸರು ಇಟ್ಟಿದ್ದಾರೆ.

ಇದು ನಮಗೆ ಹೊಸದೇ? ಯಾವುದಾದರೂ ದಾನಶಾಸನ ಓದಿ. ಇಂಥವರು ಇಂಥವರಿಗೆ ಇಂಥ ಭೂಮಿ ಕೊಟ್ಟರು ಎಂಬುದು ಮುಂದೆ, ಇದನ್ನು ಅಳಿದವನ ಗತಿ ಏನು ಎಂಬುದು ಕೊನೆಗೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ದತ್ತಿ ಹೇಳಿದ ಮೇಲೆ ‘ಅದಾನ್ ಅೞಿವೊನ್ಗೆ ಮಹಾಪಾತಕಮ್’ ಎಂದಿದೆ. ಮುಂದಿನ ಶತಮಾನಗಳಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ ಊರೂರ ಕಲ್ಲಿನ ಮೇಲೆ ಕೂತಿತು: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. (ನನ್ನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.) ಒಂದೇ ಕಲ್ಲು, ಮೇಲ್ಭಾಗ ಮಂಜೂರಾತಿ, ಕೆಳಭಾಗ ದಂಡನೆ.

‘ಶಾಸನ’ ಎಂಬ ಪದವೂ ಹಾಗೆಯೇ. ಅದರ ಧಾತು ‘ಶಾಸ್’: ಆಳು, ಕಲಿಸು, ದಂಡಿಸು. ಅದರಿಂದ ಕಾನೂನು ಮಾಡುವ ಶಾಸಕ ಬಂದ, ಶಿಸ್ತಿನ ಅನುಶಾಸನ ಬಂತು, ‘ತಕ್ಕ ಶಾಸ್ತಿ ಆಯ್ತು’ ಎನ್ನುವಾಗಿನ ಶಾಸ್ತಿಯೂ ಬಂತು. ಕೊಡುವ ಅಪ್ಪಣೆಯೂ ಬೀಳುವ ಪೆಟ್ಟೂ ಒಂದೇ ಧಾತುವಿನಲ್ಲಿ. 1713ರಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಆರನೇ ಚಾರ್ಲ್ಸ್, ಗಂಡು ಸಂತಾನವಿಲ್ಲದಿದ್ದರೆ ಮಗಳಿಗೂ ರಾಜ್ಯ ಸಲ್ಲಬೇಕೆಂದು ಹೊರಡಿಸಿದ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಇದೆಯಲ್ಲ, ಮುಂದೆ ಅವನ ಮಗಳು ಮರಿಯಾ ತೆರೇಸಾ ಪಟ್ಟಕ್ಕೆ ಬಂದದ್ದು ಅದರ ಬಲದಿಂದ. ಅಲ್ಲಿ ಮಂಜೂರಾತಿ ಎಂದರೂ ತಪ್ಪು, ನಿರ್ಬಂಧ ಎಂದರೂ ತಪ್ಪು. ‘ರಾಜಶಾಸನ’ ಎಂದರೆ ಸರಿಯಾಗಿ ಕೂರುತ್ತದೆ.

ಇನ್ನು ಬೇಲಿಹೂ ಅವರ ಪಾಠ. 1789ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ ಮನುಷ್ಯನನ್ನು ಕಟ್ಟಿಹಾಕುವ ಸುಖ ದುಃಖಗಳಿಗೆ ನಾಲ್ಕು ಮೂಲ ಹೇಳಿ ಅವನ್ನೇ ಸ್ಯಾಂಕ್ಷನ್ ಎಂದು ಕರೆದ: ಪ್ರಕೃತಿಯದು, ರಾಜ್ಯದ್ದು, ಜನಾಭಿಪ್ರಾಯದ್ದು, ಧರ್ಮದ್ದು. ಗಮನಿಸಿ, ದುಃಖ ಮಾತ್ರ ಅಲ್ಲ, ಸುಖವೂ ಸೇರಿದೆ. 1832ರಲ್ಲಿ ಕಾನೂನು ಪಂಡಿತ ಜಾನ್ ಆಸ್ಟಿನ್ ಕಾನೂನೆಂದರೆ ದಂಡನೆಯ ಬೆಂಬಲವಿರುವ ಆಜ್ಞೆ ಎಂದಾಗ ಪ್ರತಿಫಲವನ್ನು ಹೊರಗಿಟ್ಟು ಕೇಡನ್ನಷ್ಟೇ ಉಳಿಸಿಕೊಂಡ. ನಿಮ್ಮ ಸಮಾಜಶಾಸ್ತ್ರ ಬೆಂಥಮ್‌ನ ಅಗಲವನ್ನು ಬಿಟ್ಟುಕೊಟ್ಟಿಲ್ಲ. ‘ಸಕಾರಾತ್ಮಕ ನಿರ್ಬಂಧ’ವನ್ನು ದಯವಿಟ್ಟು ಹೊಡೆದುಹಾಕಿ. ಪುರಸ್ಕಾರ–ತಿರಸ್ಕಾರ ಎಂಬ ಜೋಡಿ ನಮ್ಮಲ್ಲಿ ಇದೆಯಲ್ಲ. ‘ಸಾಮಾಜಿಕ ಪುರಸ್ಕಾರ’, ‘ಸಾಮಾಜಿಕ ತಿರಸ್ಕಾರ’ ಎನ್ನಿ. ಎರಡನ್ನೂ ಸೇರಿಸಿ ಹೇಳಬೇಕಾದ ಕಡೆ ‘ಸಮಾಜದ ಕಟ್ಟು’ ಸಾಕು.

ಬೇಲಿಹೂ:
ಪುರಸ್ಕಾರ–ತಿರಸ್ಕಾರ! ಇಷ್ಟು ದಿನ ಎಲ್ಲಿತ್ತೋ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡ್ತಾರೋ ಇಲ್ವೋ, ಅದು ಬೇರೆ ಮಾತು.

ಹಳೇಕಡತ:
ಕೊಡುತ್ತಾರಮ್ಮ, ಮೊದಲ ಸಲ ಬರೆಯುವಾಗ ಪಕ್ಕದಲ್ಲಿ ಇಂಗ್ಲಿಷ್ ಪದ ಹಾಕಿಬಿಡು.

ಗಾಳಿಪಟ:
ಎಲ್ಲರೂ ನಿರ್ಬಂಧದ ಪರ ಇದ್ದೀರಿ. ನಾನು ದಿಗ್ಬಂಧನದ ಪರ ನಿಲ್ತೀನಿ. ‘ನಿರ್ಬಂಧ’ ತೀರ ಸಪ್ಪೆ. ಪಾರ್ಕಿಂಗ್‌ಗೂ ನಿರ್ಬಂಧ, ಪಟಾಕಿಗೂ ನಿರ್ಬಂಧ, ಒಂದು ದೇಶದ ಆರ್ಥಿಕತೆ ಮಕಾಡೆ ಮಲಗಿಸೋದಕ್ಕೂ ನಿರ್ಬಂಧ ಅಂದರೆ ತೂಕ ಎಲ್ಲಿ? ದಿಗ್ಬಂಧನ ಅಂದರೆ ಎಂಟು ದಿಕ್ಕನ್ನೂ ಕಟ್ಟಿದ ಹಾಗೆ. ಜಪ, ಪೂಜೆ ಶುರುಮಾಡೋವಾಗ ‘ಇತಿ ದಿಗ್ಬಂಧಃ’ ಅಂತ ಚಿಟಿಕೆ ಹೊಡೀತಾರಲ್ಲ, ಜನಕ್ಕೆ ಪದ ಗೊತ್ತು. ಪತ್ರಿಕೆಯಲ್ಲೂ ಬೇರು ಬಿಟ್ಟಿದೆ. 1990ರ ಇರಾಕ್ ಬಗ್ಗೆ ಓದಿದವರಿಗೆ ಕೇಳಿ: ತೈಲ ಮಾರೋ ಹಾಗಿಲ್ಲ, ಸಾಮಾನು ತರಿಸೋ ಹಾಗಿಲ್ಲ, ಸಮುದ್ರದಲ್ಲಿ ಹಡಗು ತಡೆದು ತಪಾಸಣೆ. ದಿಗ್ಬಂಧನ ಅಲ್ಲದೆ ಇನ್ನೇನು?

ರಾತ್ರಿಪಾಳಿ:
ಒಳ್ಳೆಯ ಉದಾಹರಣೆ ಕೊಟ್ಟಿರಿ, ಗಾಳಿಪಟ. ನನ್ನ ವಾದಕ್ಕೇ ಸಹಾಯ ಮಾಡುತ್ತೆ.

ಇರಾಕ್ ಕುವೈತನ್ನ ಆಕ್ರಮಿಸಿದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮಾಡಿದ ಎರಡು ನಿರ್ಣಯ ನೋಡಿ. 1990ರ ಆಗಸ್ಟ್ 6ರಂದು 661ನೇ ನಿರ್ಣಯ: ಇರಾಕ್ ಜೊತೆ ಯಾರೂ ವ್ಯಾಪಾರ ಮಾಡಬೇಡಿ, ಹಣ ಕೊಡಬೇಡಿ. ಇದು ಇತರ ದೇಶಗಳು ತಮ್ಮ ತಮ್ಮ ಬಂದರು, ಬ್ಯಾಂಕಿನಲ್ಲಿ ಕೂತು ಪಾಲಿಸಬೇಕಾದ ಆದೇಶ. ಅದಷ್ಟರಿಂದ ಆಗಲಿಲ್ಲ ಅಂತ ಆಗಸ್ಟ್ 25ರಂದು 665ನೇ ನಿರ್ಣಯ: ನೌಕಾಪಡೆ ಇರುವವರು ಹಡಗುಗಳನ್ನ ತಡೆದು ತಪಾಸಣೆ ಮಾಡಬಹುದು. ಮೊದಲನೆಯದು ನಿರ್ಬಂಧ. ಎರಡನೆಯದನ್ನ ಬೇಕಾದರೆ ದಿಗ್ಬಂಧನ ಅನ್ನಿ. ಎರಡಕ್ಕೂ ಒಂದೇ ಪದ ಬಳಸಿದರೆ ಆ ಹತ್ತೊಂಬತ್ತು ದಿನಗಳಲ್ಲಿ ಏನು ಬದಲಾಯಿತು ಅಂತ ಹೇಳೋಕೆ ನಮ್ಮ ಹತ್ತಿರ ಪದವೇ ಉಳಿಯಲ್ಲ.

ವಿಶ್ವಸಂಸ್ಥೆಯ ಸನ್ನದಿನಲ್ಲೂ ಈ ಗೆರೆ ಸ್ಪಷ್ಟ. 41ನೇ ವಿಧಿ ಸೇನೆ ಬಳಸದ ಕ್ರಮಗಳದ್ದು: ಆರ್ಥಿಕ ಸಂಬಂಧ, ರೈಲು, ಸಮುದ್ರ, ವಿಮಾನ, ಅಂಚೆ ಸಂಪರ್ಕ ಕಡಿದುಕೊಳ್ಳುವುದು, ರಾಯಭಾರ ಸಂಬಂಧ ಮುರಿಯುವುದು. ತಮಾಷೆ ಏನಂದರೆ ಆ ವಿಧಿಯಲ್ಲಿ ‘ಸ್ಯಾಂಕ್ಷನ್’ ಅನ್ನೋ ಪದವೇ ಇಲ್ಲ, ಎಲ್ಲರೂ ಕರೆಯೋದು ಮಾತ್ರ ಹಾಗೆ. 42ನೇ ವಿಧಿ ಸೇನಾ ಕ್ರಮದ್ದು, ‘ಬ್ಲಾಕೇಡ್’ ಅನ್ನೋ ಪದ ಬರೋದು ಅಲ್ಲಿ. ಬ್ಲಾಕೇಡ್, ಅಂದರೆ ಸೇನೆ ನಿಲ್ಲಿಸಿ ದಾರಿ ಕಟ್ಟೋದು, ಯುದ್ಧಕ್ರಿಯೆ. 1962ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾ ಸುತ್ತ ಯುದ್ಧನೌಕೆ ನಿಲ್ಲಿಸಿದಾಗ ಆ ಪದದ ಬದಲು ‘ಕ್ವಾರಂಟೈನ್’ ಅಂದದ್ದು ಇದೇ ಭಯಕ್ಕೆ. ಅದೇ ವರ್ಷ ಫೆಬ್ರವರಿಯಲ್ಲಿ ಕ್ಯೂಬಾ ಜೊತೆಗಿನ ವ್ಯಾಪಾರಕ್ಕೆ ಹಾಕಿದ್ದು ‘ಎಂಬಾರ್ಗೊ’. ಒಂದೇ ವರ್ಷ, ಒಂದೇ ದೇಶ, ಎರಡು ಬೇರೆ ಕ್ರಮ. ಫೆಬ್ರವರಿಯದು ವ್ಯಾಪಾರ ನಿಷೇಧ, ಅಕ್ಟೋಬರ್‌ದು ನೌಕಾ ತಡೆ. ಜಗತ್ತು ಅಣುಯುದ್ಧದ ಅಂಚಿಗೆ ಹೋಗಿದ್ದು ಎರಡನೆಯದರ ಹೊತ್ತಿನಲ್ಲಿ.

ನಮ್ಮ ದೇಶದ್ದೇ ನೋಡಿ. 1998ರ ಮೇನಲ್ಲಿ ಪೋಖ್ರಾಣ್ ಅಣುಪರೀಕ್ಷೆ ಆದ ಮೇಲೆ ಅಮೆರಿಕ, ಜಪಾನ್ ನಮ್ಮ ಮೇಲೆ ಕ್ರಮ ಕೈಗೊಂಡವು. ನೆರವು ನಿಂತಿತು, ಕೆಲವು ತಂತ್ರಜ್ಞಾನ ನಿಂತಿತು, ಅಂತರರಾಷ್ಟ್ರೀಯ ಸಾಲಕ್ಕೆ ಅಡ್ಡಿ ಬಂತು. ವ್ಯಾಪಾರ ನಡೀತಾನೇ ಇತ್ತು. ಯಾವ ಬಂದರಿನ ಮುಂದೆಯೂ ಯಾರ ಯುದ್ಧನೌಕೆಯೂ ಬಂದು ನಿಲ್ಲಲಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅದನ್ನ ತೆರವು ಮಾಡಿತು. ಅದಕ್ಕೆ ‘ದಿಗ್ಬಂಧನ’ ಅಂದರೆ ಯಾವ ದಿಕ್ಕು ಕಟ್ಟಿತ್ತು ಅಂತ ಕೇಳಬೇಕಾಗುತ್ತೆ.

ಶಾಸನಹುಳು:
‘ನಿರ್ಬಂಧ ಸಪ್ಪೆ’ ಎಂಬುದಕ್ಕೆ ಒಂದು ಮಾತು. ಹಳೆಯ ಬಳಕೆಯಲ್ಲಿ ನಿರ್ಬಂಧ ಎಂದರೆ ಬರಿಯ ತಡೆಯಲ್ಲ, ಬಲವಂತ, ಒತ್ತಾಯ. ‘ನಿರ್ಬಂಧಪಡಿಸಿ ಒಪ್ಪಿಸಿದರು’ ಎನ್ನುವುದು ಈಗಲೂ ಹಿರಿಯರ ಬಾಯಲ್ಲಿ ಇದೆ. ಅಂತರರಾಷ್ಟ್ರೀಯ ಸ್ಯಾಂಕ್ಷನ್‌ನ ಉದ್ದೇಶವೂ ಅದೇ ಅಲ್ಲವೇ? ಕೈ ಕಟ್ಟುವುದು ನೆಪ, ಮಾತು ಕೇಳಿಸುವುದು ಗುರಿ. ಕಟ್ಟು ಮತ್ತು ಒತ್ತಾಯ ಎರಡೂ ಇರುವ ಪದ ಕೈಯಲ್ಲೇ ಇದೆ. ಪಾರ್ಕಿಂಗ್ ಫಲಕಕ್ಕೆ ಅಂಟಿಸಿ ಅದನ್ನು ಸವೆಸಿದವರು ನಾವೇ.

ಗಾಳಿಪಟ:
ಸರಿ, ಇಷ್ಟಕ್ಕೆ ಇಳೀತೀನಿ: ಹಡಗು ಅಡ್ಡ ನಿಂತರೆ ದಿಗ್ಬಂಧನ, ಕಾಗದ ಅಡ್ಡ ನಿಂತರೆ ನಿರ್ಬಂಧ. ಆದರೆ ಓದುಗರು ದಿಗ್ಬಂಧನ ಅಂತ ಬರೆದರೆ ಅದನ್ನ ತಪ್ಪು ಅಂತ ತಿದ್ದಿ ಅವರನ್ನ ಸಣ್ಣವರನ್ನಾಗಿ ಮಾಡಬೇಡಿ. ಇಂಗ್ಲಿಷ್‌ನೋರೇ ಎಂಬಾರ್ಗೊ, ಸ್ಯಾಂಕ್ಷನ್ಸ್, ಬ್ಲಾಕೇಡ್ ಮೂರನ್ನೂ ಕಲಸಿ ಮಾತಾಡ್ತಾರೆ.

ಆಟದಂಗಳ:
ಕ್ರೀಡಾ ಪುಟದವರ ಗೋಳು ಯಾರೂ ಹೇಳಲಿಲ್ಲ. ನಮ್ಮಲ್ಲಿ ಎರಡೂ ಅರ್ಥ ಒಂದೇ ಪ್ಯಾರಾದಲ್ಲಿ ಬರುತ್ತೆ. ‘ಸ್ಯಾಂಕ್ಷನ್ಡ್ ಟೂರ್ನಿ’ ಅಂದರೆ ಒಕ್ಕೂಟದ ಮಾನ್ಯತೆ ಇರೋದು. ‘ಸ್ಯಾಂಕ್ಷನ್ಡ್ ಅಥ್ಲೀಟ್’ ಅಂದರೆ ಶಿಕ್ಷೆಗೆ ಒಳಗಾದವನು. ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಕೊಡುವ ಶಿಕ್ಷೆಗಳ ವಿಧಿಗೇ ‘ಸ್ಯಾಂಕ್ಷನ್ಸ್’ ಅಂತ ಹೆಸರು. ಅಲ್ಲಿ ನಿಷೇಧ ಅಂತ ಬರೆಯೋಕೂ ಆಗಲ್ಲ, ಏಕೆಂದರೆ ಶಿಕ್ಷೆಯಲ್ಲಿ ಫಲಿತಾಂಶ ರದ್ದು, ಪದಕ ವಾಪಸು, ಎಚ್ಚರಿಕೆ ಕೂಡ ಸೇರುತ್ತೆ. ನಾನು ಟೂರ್ನಿಗೆ ‘ಮಾನ್ಯತೆ’, ಆಟಗಾರನಿಗೆ ‘ಶಿಕ್ಷೆ’ ಅಂತ ಬರೀತೀನಿ. ಮಂಜೂರಾತಿ, ನಿರ್ಬಂಧ ಎರಡೂ ನಮ್ಮ ಪುಟಕ್ಕೆ ಕಾಲಿಡಲ್ಲ.

ಕಪ್ಪುಕೋಟು:
ಇನ್ನೊಂದು ಬಳಕೆ ಸೇರಿಸಿ. ‘ಸ್ಟೇಟ್ ಸ್ಯಾಂಕ್ಷನ್ಡ್ ವಯಲೆನ್ಸ್’. ಇಲ್ಲಿ ಮಂಜೂರಾತಿ ಅಂದರೆ ಹಿಂಸೆಗೆ ಆದೇಶ ಪತ್ರ ಹೊರಟ ಹಾಗೆ ಆಗುತ್ತೆ. ‘ಪ್ರಭುತ್ವದ ಸಮ್ಮತಿ ಇರುವ ಹಿಂಸೆ’ ಅನ್ನಬೇಕು. ‘ಪರಂಪರೆ ಸ್ಯಾಂಕ್ಷನ್ ಮಾಡಿದ ಪದ್ಧತಿ’ ಅಂತ ಬಂದರೆ ‘ಪರಂಪರೆ ಒಪ್ಪಿಕೊಂಡು ಬಂದ ಪದ್ಧತಿ’. ಸಹಿ ಇದ್ದರೆ ಮಂಜೂರಾತಿ, ಸಹಿ ಇಲ್ಲದಿದ್ದರೆ ಸಮ್ಮತಿ.

ಬೇಲಿಹೂ:
ಕನ್ನಡದಲ್ಲೂ ಹೀಗೆ ಎದುರು ಬದುರು ಅರ್ಥ ಇರೋ ಪದ ಇದ್ಯಾ? ಇಂಗ್ಲಿಷಿನಲ್ಲಿ ‘ಓವರ್‌ಸೈಟ್’ ಗೊತ್ತು. ಮೇಲುಸ್ತುವಾರಿಯೂ ಅದೇ, ಕಣ್ತಪ್ಪೂ ಅದೇ.

ಶಾಸನಹುಳು:
‘ತೆಗೆ’ ನೋಡಿ. ಬಾಗಿಲು ತೆಗೆದರೆ ದಾರಿ ಆಗುತ್ತದೆ, ದೀಪ ತೆಗೆದರೆ ಕತ್ತಲಾಗುತ್ತದೆ. ‘ಬಿಡು’ ಇನ್ನೂ ಚೆನ್ನ: ಅವನನ್ನು ಒಳಗೆ ಬಿಟ್ಟರು, ಅವನನ್ನು ಕೈಬಿಟ್ಟರು. ‘ಬಾಡಿಗೆ’ ಕೊಟ್ಟವನಿಗೂ ಪಡೆದವನಿಗೂ ಒಂದೇ. ಆದರೆ ಜೊತೆಯ ಪದ ನಮ್ಮನ್ನು ಕಾಪಾಡುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಗ್ಲಿಷಿನವರೂ ‘ಸ್ಯಾಂಕ್ಷನ್’ ಬಗ್ಗೆ ದಿನನಿತ್ಯ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದೇ ನನ್ನ ಅನುಮಾನ. ಕಷ್ಟ ಎಲ್ಲ ಅನುವಾದಕರದ್ದು.

ಅಂದಹಾಗೆ ‘ಮಂಜೂರು’ ಅರಬ್ಬಿಯಿಂದ ಪಾರ್ಸಿ ಮೂಲಕ ಬಂದದ್ದು. ‘ನಜರು’ ಪದದ ಒಡಹುಟ್ಟು, ಮೂಲಾರ್ಥ ‘ನೋಡಲಾದದ್ದು’. ಸಾಹೇಬರು ನೋಡಿದರೆಂದರೆ ಒಪ್ಪಿದರೆಂದೇ ಲೆಕ್ಕ.

ಹಳೇಕಡತ:
ನೋಡಿದ ಮೇಲೂ ಒಪ್ಪದ ಸಾಹೇಬರನ್ನು ನಾನು ಕಂಡಿದ್ದೇನೆ. ಅವರು ‘ಚರ್ಚಿಸಿ’ ಎಂದು ಬರೆದು ಕಡತ ವಾಪಸು ಕಳಿಸುತ್ತಿದ್ದರು.

ಅರ್ಧವಿರಾಮ:
ಎಲ್ಲರಿಗೂ ವಂದನೆ. ವರದಿಯ ಕೆಲವು ವಾಕ್ಯ ಹೀಗೆ ಬಂದಿವೆ, ನೋಡಿ ಹೇಳಿ.

‘ಅಮೆರಿಕವು ಈ ಬ್ಯಾಂಕುಗಳ ಮೇಲೆ ನಿರ್ಬಂಧ ಹೇರಿದೆ.’
‘ನಿರ್ಬಂಧಕ್ಕೆ ಒಳಗಾದ ಸಂಸ್ಥೆಗಳ ಜೊತೆ ವ್ಯವಹರಿಸಲು ಮುಂಚಿತವಾಗಿ ಪರವಾನಗಿ ಪಡೆಯಬೇಕು.’
‘ಆಡಳಿತ ಮಂಡಳಿಯ ಮಂಜೂರಾತಿ ಇಲ್ಲದೆ ಈ ಸಾಲ ನೀ‌ಡಲಾಗಿದೆ.’
‘2022ರಲ್ಲಿ ಪಾಶ್ಚಾತ್ಯ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ವಿದೇಶಿ ಮೀಸಲನ್ನು ಮುಟ್ಟುಗೋಲು ಹಾಕಿಕೊಂಡವು.’

ಕಪ್ಪುಕೋಟು:
ಮೊದಲ ಮೂರು ಸರಿ. ನಾಲ್ಕನೆಯದರಲ್ಲಿ ಮುಟ್ಟುಗೋಲು ತೆಗೀರಿ. ಮುಟ್ಟುಗೋಲು ಅಂದರೆ ಕಸಿದುಕೊಂಡಂತೆ. ಅಲ್ಲಿ ಆಗಿದ್ದು ‘ಫ್ರೀಜ್’: ಮಾಲೀಕತ್ವ ರಷ್ಯಾದ್ದೇ, ಆದರೆ ಅಲುಗಾಡಿಸೋ ಹಾಗಿಲ್ಲ. ‘ಸ್ತಂಭನಗೊಳಿಸಿದವು’ ಅನ್ನಿ. ಆ ಹಣವನ್ನ ತಗೊಂಡೇ ಬಿಡಬಹುದಾ ಅನ್ನೋದೇ ಆಮೇಲಿನ ದೊಡ್ಡ ಜಗಳ. ನೀವು ಮುಟ್ಟುಗೋಲು ಅಂದರೆ ಜಗಳ ಮುಗಿದೇ ಹೋಯಿತು.

ಅರ್ಧವಿರಾಮ:
ತಿದ್ದಿದೆ. ಇನ್ನೊಂದು ಉಳಿದಿದೆ, ‘ಸೆಕೆಂಡರಿ ಸ್ಯಾಂಕ್ಷನ್ಸ್’. ‘ಎರಡನೇ ಹಂತದ ನಿರ್ಬಂಧ’ ಅಂತ ಹಾಕಿದ್ದೆ.

ರಾತ್ರಿಪಾಳಿ:
ಬೇಡ. ಎರಡನೇ ಹಂತ ಅಂದರೆ ಮೊದಲು ಸ್ವಲ್ಪ ಹೇರಿ ಆಮೇಲೆ ಇನ್ನಷ್ಟು ಹೇರಿದ ಹಾಗೆ ಕೇಳುತ್ತೆ. ಇದು ಹಂತ ಅಲ್ಲ. ಗುರಿಯಾದ ದೇಶದ ಜೊತೆ ವ್ಯವಹಾರ ಮಾಡಿದ ಮೂರನೇ ದೇಶದ ಕಂಪನಿಗೆ ಬೀಳೋ ಪೆಟ್ಟು. 1996ರಲ್ಲಿ ಅಮೆರಿಕ ಕ್ಯೂಬಾ ವಿಷಯದಲ್ಲಿ ಹೆಲ್ಮ್ಸ್–ಬರ್ಟನ್ ಕಾಯ್ದೆ ತಂದಾಗ ಯೂರೋಪಿನವರಿಗೆ ಸಿಟ್ಟು ಬಂದಿದ್ದು ಇಂಥದ್ದಕ್ಕೇ. ಅದೇ ವರ್ಷ ತಮ್ಮ ಕಂಪನಿಗಳು ಅದನ್ನ ಪಾಲಿಸಬಾರದು ಅಂತ ಅವರೂ ಒಂದು ನಿಯಮ ಮಾಡಿದರು.

ಗಾಳಿಪಟ:
‘ಪರೋಕ್ಷ ನಿರ್ಬಂಧ’?

ಕಪ್ಪುಕೋಟು:
ಪೆಟ್ಟು ತಿನ್ನೋ ಕಂಪನಿಗೆ ಅದು ನೇರವಾಗೇ ಬೀಳುತ್ತೆ. ಪರೋಕ್ಷ ಹೇಗಾಗುತ್ತೆ?

ಹಳೇಕಡತ:
‘ಮೂರನೆಯವರ ಮೇಲಿನ ನಿರ್ಬಂಧ’ ಎಂದು ಮೊದಲ ಸಲ ಬಿಡಿಸಿ ಬರೆಯಿರಿ. ಆಮೇಲೆ ಪ್ರತಿ ಸಲವೂ ಅದನ್ನೇ ಬರೆಯಿರಿ. ಉದ್ದ ಎಂದು ಯಾರೂ ಸಾಯುವುದಿಲ್ಲ.

ರಾತ್ರಿಪಾಳಿ:
ವರದಿಗೆ ಅದು ಸರಿ ಸರ್. ಎರಡು ಕಾಲಂ ಶೀರ್ಷಿಕೆಗೆ ಹಿಡಿಸಲ್ಲ. ನಾನು ‘ವ್ಯವಹರಿಸಿದವರಿಗೂ ನಿರ್ಬಂಧ’ ಅಂತ ಹಾಕ್ತೀನಿ. ಆ ‘ಊ’ ಅಕ್ಷರ ಅರ್ಧ ಕೆಲಸ ಮಾಡುತ್ತೆ. ಇನ್ನು 120 ದಿನದ ಮಂಜೂರಾತಿಗೆ ಶೀರ್ಷಿಕೆ ಕೇಳಿದ್ದಿರಲ್ಲ, ಕೋಟು ಸಾಹೇಬರೇ: ‘ಸರ್ಕಾರ ಸುಮ್ಮನಿದ್ದರೂ ಪ್ರಾಸಿಕ್ಯೂಷನ್‌ಗೆ ಅಸ್ತು.’

ಕಪ್ಪುಕೋಟು:
ಅಸ್ತು.